ಕೈ ಬಿಟ್ಟು ನೋಡುವುದು: ಒಂದು ಮಾದರಿ ಜೆಟ್‌ನ ಪರೀಕ್ಷಾ ಹಾರಾಟ

ಈ ಸಲದ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಮಧುಗಿರಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿ, ಭೌತವಿಜ್ಞಾನ, 41 ಮಕ್ಕಳು. ಬಲ ಮತ್ತು ಚಲನೆಯ ನಿಯಮಗಳು, ಕೆಲಸ ಮತ್ತು ಶಕ್ತಿ ಎಂಬ ಎರಡು ಘಟಕಗಳು ನನ್ನ ಪಾಲಿಗೆ ಬಂದವು. ಪಾಠಯೋಜನೆಗಳ ಬಗ್ಗೆ ಸಹಪಾಠಿಗಳು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಹೇಳಹೊರಟಿರುವುದು ವಿಜ್ಞಾನ ಸಂಘದ ಹೆಸರಿನಲ್ಲಿ ಮೂರು ಭಾನುವಾರ ಬೆಳಿಗ್ಗೆ ನಡೆದ ಕೆಲಸದ ಬಗ್ಗೆ, ಮತ್ತು ಅದು ಒಂದು ಬುಧವಾರದ ಪಾಠದೊಳಗೆ ಬಂದು ಕೂತ ಬಗೆಯ ಬಗ್ಗೆ.

ಪದವಿ ಓದುವಾಗ ನಾನು ಎನ್‌ಸಿಸಿ ವಾಯುದಳ ವಿಭಾಗದ ಕೆಡೆಟ್ ಆಗಿದ್ದೆ. ಅಲ್ಲಿ ಮಾದರಿ ವಿಮಾನ ಕಟ್ಟುವುದೂ ಹಾರಿಸುವುದೂ ತರಬೇತಿಯ ಭಾಗ. ಆ ಗೀಳು ಬಿಡಲಿಲ್ಲ. ಬಿ.ಎಡ್.ಗೆ ಸೇರುವ ಮುಂಚೆ ಒಂದು ಮಾದರಿ ಜೆಟ್ ಕಟ್ಟಲು ಶುರು ಮಾಡಿದ್ದೆ; ಹೊರಮೈ ಮುಗಿದಿತ್ತು, ರೆಕ್ಕೆ ಬಾಕಿ ಇತ್ತು. ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಮಕ್ಕಳ ಜೊತೆ ಕೂತು ರೆಕ್ಕೆ ಮುಗಿಸಿದೆ. ಹಾಗಾಗಿ ಅದು ಅರ್ಧ ನನ್ನದು, ಅರ್ಧ ಅವರದು.

ಆ ಮಾದರಿ ಎಚ್‌ಎಫ್-24 ಮಾರುತ್‌ನದು. ಬೆಂಗಳೂರಿನ ಎಚ್ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಯುದ್ಧವಿಮಾನ ಅದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಒಟ್ಟು 147 ವಿಮಾನಗಳು ತಯಾರಾದವು. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತ್ ಇಂದಿಗೂ ನಿಂತಿದೆ. ನಮ್ಮ ಮಕ್ಕಳಿಗೆ ಎಚ್ಎಎಲ್ ಎಂದರೆ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ. ಅದಕ್ಕೂ ಅರವತ್ತು ವರ್ಷ ಮುಂಚೆ ಇದೇ ಸಂಸ್ಥೆ ಜೆಟ್ ಮಾಡಿತ್ತು ಎಂದರೆ ಅವರು ಮೊದಲು ನಂಬಲಿಲ್ಲ.

ಮಾರುತ್‌ನ ಕಥೆಯಲ್ಲಿ ನನಗೆ ಬೇಕಾಗಿದ್ದ ಸಂಗತಿ ಬೇರೆಯದು. ಎಂಜಿನ್ ಇರುವ ವಿಮಾನ ಹಾರುವುದಕ್ಕೆ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿದ್ದರು. ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆದು ಮೇಲೇರಿಸಿ, ಹಗ್ಗ ಕಳಚಿ, ಎಂಜಿನ್ ಇಲ್ಲದೆ ಆ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತಿದ್ದರು. ಎಂಜಿನ್ನಿನ ಪ್ರಶ್ನೆ ಒಂದು, ರೆಕ್ಕೆಯ ಪ್ರಶ್ನೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿದರೆ ಉತ್ತರ ಯಾವುದಕ್ಕೆ ಬಂತೆಂದು ತಿಳಿಯದು. ಈ ಮಾತನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿದ್ದೆ. ಮುಂದೆ ಎಲ್ಲವೂ ಇದರ ಮೇಲೇ ನಿಂತಿತು.

ನಮ್ಮ ಮಾದರಿ ಅಸಲಿಯ ಹತ್ತನೇ ಒಂದು. ಮಾರುತ್‌ನ ರೆಕ್ಕೆಯ ಹರವು 9 ಮೀಟರ್, ಉದ್ದ ಸುಮಾರು 15.9 ಮೀಟರ್. ನಮ್ಮದರಲ್ಲಿ ಹರವು 90 ಸೆಂ.ಮೀ., ಉದ್ದ 159 ಸೆಂ.ಮೀ. ಮೈಯೆಲ್ಲ ಫೋಮ್ ಹಾಳೆ. ರೆಕ್ಕೆಯೊಳಗೆ ಕಾರ್ಬನ್ ಕೊಳವೆ. ಒಳಗೆ 64 ಮಿ.ಮೀ. ವ್ಯಾಸದ ಎರಡು ವಿದ್ಯುತ್ ಫ್ಯಾನ್‌ಗಳು. ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ರಭಸವಾಗಿ ತಳ್ಳುತ್ತವೆ. ಬ್ಯಾಟರಿ ಸೇರಿ ತೂಕ 1,850 ಗ್ರಾಂ, ಅದರಲ್ಲಿ ಬ್ಯಾಟರಿಯದೇ 430 ಗ್ರಾಂ. ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ಬಾಲ ಕಟ್ಟಿ ಫ್ಯಾನ್ ಓಡಿಸಿದಾಗ ಎಳೆತ 2.1 ಕೆ.ಜಿ. ತೋರಿಸಿತು. ಕ್ರಿಯೆ-ಪ್ರತಿಕ್ರಿಯೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಗುತ್ತಿರಲಿಲ್ಲ.

ಕ್ರಿಕೆಟ್ ಬ್ಯಾಟಿಗಿಂತ ಭಾರವಾದ ಈ ವಸ್ತು ಗಂಟೆಗೆ 80-90 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಸುಮಾರು 42 ಕಿ.ಮೀ.ಗಿಂತ ನಿಧಾನವಾದರೆ ರೆಕ್ಕೆ ಅದನ್ನು ಹೊರಲಾರದು. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ತೆಳು. ಹಾಗಾಗಿ ಇಲ್ಲಿ ಇನ್ನೂ ಸ್ವಲ್ಪ ವೇಗ ಬೇಕು ಎಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಿದ್ದೇನೆ. ಆದ್ದರಿಂದ ಇದು ಆಟದ ಮೈದಾನದಲ್ಲಿ ಹಾರಿಸುವಂಥದ್ದಲ್ಲ. ಊರಾಚೆಯ ಒಣಗಿದ ಕೆರೆಯಂಗಳವನ್ನು ಆರಿಸಿದೆವು. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಮಾದರಿಗಳನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಆ ಜಾಗ ವಾಯುಪ್ರದೇಶದ ನಕ್ಷೆಯಲ್ಲಿ ಹಸಿರು ವಲಯದಲ್ಲಿದೆಯೇ ಎಂದು ನೋಡಿಕೊಂಡೆ. ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಿಳಿಸಿದೆವು. ಪೋಷಕರಿಂದ ಒಪ್ಪಿಗೆ ಪತ್ರ ತರಿಸಿದೆವು. ಮಾರ್ಗದರ್ಶಕ ಶಿಕ್ಷಕರು ಒಂದು ಷರತ್ತು ಹಾಕಿದರು: “ನೋಡಮ್ಮ, ಮಕ್ಕಳು ನಿನ್ನ ಬೆನ್ನ ಹಿಂದೆ, ಸುಣ್ಣದ ಗೆರೆ ದಾಟಬಾರದು. ಒಬ್ಬ ದಾಟಿದರೂ ಆವತ್ತಿನ ಆಟ ಅಲ್ಲಿಗೆ ಮುಗೀತು.” ನಾನೇ ಹಾಕಬೇಕೆಂದಿದ್ದ ಷರತ್ತು ಅದು.

ಹಾರಿಸುವ ಮುಂಚಿನ ಕೆಲಸದಲ್ಲಿ ಮುಖ್ಯವಾದದ್ದು ಗುರುತ್ವ ಕೇಂದ್ರ. ಅದು ತೀರಾ ಮುಂದಿದ್ದರೆ ಮೂಗು ಭಾರವಾಗಿ ವಿಮಾನ ಮಂಕಾಗುತ್ತದೆ, ಇಳಿಯುವಾಗ ಮೂಗೆತ್ತುವುದಿಲ್ಲ. ತೀರಾ ಹಿಂದಿದ್ದರೆ ಹಾರಿದ ಎರಡೇ ಸೆಕೆಂಡಿನಲ್ಲಿ ಕೈ ಮೀರುತ್ತದೆ. ಮೂಗು ಭಾರವಾದ ವಿಮಾನ ಕಷ್ಟಪಟ್ಟಾದರೂ ಮನೆಗೆ ಬರುತ್ತದೆ, ಬಾಲ ಭಾರವಾದದ್ದು ಬರುವುದಿಲ್ಲ ಎಂದು ಎನ್‌ಸಿಸಿಯಲ್ಲಿ ನಮ್ಮ ಬೋಧಕರು ಹೇಳುತ್ತಿದ್ದರು.

ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಆ ಬಿಂದು ಎಲ್ಲಿರಬೇಕೆಂದು ಕಣ್ಣಳತೆಯಲ್ಲಿ ಹೇಳಲಾಗದು. ಮಕ್ಕಳು ಅದನ್ನು ನಕ್ಷಾ ಕಾಗದದಲ್ಲಿ ಬಿಡಿಸಿದರು. ಒಂದು ಬದಿಯ ರೆಕ್ಕೆ ಒಂದು ತ್ರಾಪಿಜ್ಯ: ಬುಡದ ಅಗಲ 44 ಸೆಂ.ಮೀ., ತುದಿಯ ಅಗಲ 18 ಸೆಂ.ಮೀ., ನಡುವಿನ ದೂರ 45 ಸೆಂ.ಮೀ. ಬುಡದ ಗೆರೆಯನ್ನು ಹಿಂದಕ್ಕೆ 18 ಸೆಂ.ಮೀ. ಉದ್ದ ಮಾಡಿ, ತುದಿಯ ಗೆರೆಯನ್ನು ಮುಂದಕ್ಕೆ 44 ಸೆಂ.ಮೀ. ಉದ್ದ ಮಾಡಿ, ಆ ಎರಡು ಕೊನೆಗಳನ್ನು ಸೇರಿಸಿದರು. ಆ ಗೆರೆ ರೆಕ್ಕೆಯ ನಡುಗೆರೆಯನ್ನು ಎಲ್ಲಿ ಕಡಿಯುತ್ತದೋ ಅಲ್ಲಿನ ಅಗಲವೇ ಇಡೀ ರೆಕ್ಕೆಯ ಪ್ರಾತಿನಿಧಿಕ ಅಗಲ. ಅಳೆದಾಗ ಸುಮಾರು 33 ಸೆಂ.ಮೀ. ಬಂತು. ನಾನು ಸೂತ್ರದಿಂದ ಮಾಡಿದ್ದು 32.8. ಸ್ಕೇಲು ಹಿಡಿದ ಹುಡುಗ ನನ್ನ ಉತ್ತರ ನೋಡಿ, “ಮಿಸ್, ನೀವೂ ಸರಿಯಾಗೇ ಮಾಡಿದ್ದೀರ” ಎಂದ.

ಸಾಮಾನ್ಯವಾಗಿ ಗುರುತ್ವ ಕೇಂದ್ರವನ್ನು ಆ ಅಗಲದ ಕಾಲು ಭಾಗದ ಆಸುಪಾಸಿನಲ್ಲಿಡುತ್ತಾರೆ. ಮೊದಲ ಹಾರಾಟಕ್ಕೆ ನಾವು ಇನ್ನೂ ಮುಂದೆ, ಐದನೇ ಒಂದು ಭಾಗದಲ್ಲಿ ಇಟ್ಟೆವು. ರೆಕ್ಕೆಯ ಬುಡದ ಮುಂಅಂಚಿನಿಂದ ಹಿಂದಕ್ಕೆ 26 ಸೆಂ.ಮೀ. ಅಲ್ಲಿ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ ನಿಲ್ಲುವವರೆಗೆ ಬ್ಯಾಟರಿಯನ್ನು ಸರಿಸಿ, ಆ ಜಾಗವನ್ನು ಪೆನ್ನಿನಿಂದ ಗುರುತು ಮಾಡಿದೆವು. ಮೂಗು ಮತ್ತು ಬಾಲಕ್ಕೆ ದಾರ ಕಟ್ಟಿ ನೇತುಹಾಕಿ ಎಡಬಲ ರೆಕ್ಕೆಗಳ ತೂಕ ಸಮವಿದೆಯೇ ಎಂದೂ ನೋಡಿದೆವು. ಸಮವಿತ್ತು.

ಆಮೇಲೆ ನಿಯಂತ್ರಣಗಳು. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಏಲರಾನ್ ಮೇಲೇಳಬೇಕು. ಸ್ಟಿಕ್ ಹಿಂದಕ್ಕೆಳೆದರೆ ಎಲಿವೇಟರ್‌ನ ಹಿಂಅಂಚು ಮೇಲೇಳಬೇಕು. ಇದನ್ನು ವಿಮಾನದ ಹಿಂದೆ ನಿಂತು ಒಬ್ಬರು ನೋಡಿ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ವಿಮಾನವನ್ನು ಗೂಟಕ್ಕೆ ಕಟ್ಟಿ, ಫ್ಯಾನ್ ಸಣ್ಣದಾಗಿ ಓಡುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿದೆ. ಫ್ಯಾನ್ ತಕ್ಷಣ ನಿಂತಿತು. ಆಕಾಶದಲ್ಲಿ ಸಂಪರ್ಕ ಕಡಿದರೆ ಹೀಗೇ ನಿಲ್ಲಬೇಕು.

ಮೊದಲ ಭಾನುವಾರದ ಹಿಂದಿನ ದಿನ ದಾಖಲೆ ಪುಸ್ತಕದಲ್ಲಿ ಎರಡು ಕಲಂ ಹಾಕಿಸಿದೆ: ‘ಕಂಡದ್ದು’, ‘ಅಂದುಕೊಂಡದ್ದು’. ಬರೆಯುವ ಕೆಲಸ ತರಗತಿಯಲ್ಲಿ ಕೈ ಎತ್ತದ ಒಬ್ಬ ಹುಡುಗಿಯದು. ಎರಡು ಗುಂಪಿಗೆ ವಿಮಾನ ನೋಡುವ ಕೆಲಸ. ಒಬ್ಬ ಹುಡುಗನಿಗೆ ಮಾತ್ರ ವಿಮಾನ ನೋಡಬಾರದೆಂದು ಹೇಳಿದೆ. ಅವನು ನೋಡಬೇಕಾದದ್ದು ನನ್ನ ಬಲಗೈ ಹೆಬ್ಬೆರಳು.

ಅವನಿಗೆ ಬೇಸರವಾಯಿತು. ಆದರೆ ಈ ಕೆಲಸ ಇಡೀ ಪರೀಕ್ಷೆಯ ತಿರುಳು. ವಿಮಾನ ಹಾರಿಸುವವರ ಕೈ ಬಹಳ ಬೇಗ ಕಲಿಯುತ್ತದೆ. ವಿಮಾನ ಎಡಕ್ಕೆ ವಾಲಿದರೆ ಹೆಬ್ಬೆರಳು ತಾನಾಗಿ ಬಲಕ್ಕೆ ಒತ್ತುತ್ತದೆ, ಒತ್ತುತ್ತಲೇ ಇರುತ್ತದೆ. ಕಣ್ಣಿಗೆ ವಿಮಾನ ನೇರವಾಗಿ ಹೋಗುತ್ತಿರುತ್ತದೆ. ಕೈ ಎಷ್ಟು ಚುರುಕಾಗಿದ್ದರೆ ದೋಷ ಅಷ್ಟು ಚೆನ್ನಾಗಿ ಅಡಗುತ್ತದೆ. ಹಾರಿಸುವವರಿಗೆ ಒತ್ತುತ್ತಿರುವುದೇ ಗೊತ್ತಿರುವುದಿಲ್ಲ. ಅದಕ್ಕೇ ಇನ್ನೊಬ್ಬರ ಕಣ್ಣು ಬೇಕು.

ಮೊದಲ ಹಾರಾಟಕ್ಕೆ ಕೇಳಿದ ಪ್ರಶ್ನೆ ಒಂದೇ: ಹೋಗಿ ಬರುತ್ತದೆಯೇ? ಚಕ್ರಗಳಿಲ್ಲದ ಮಾದರಿಯಾದ್ದರಿಂದ ರಬ್ಬರ್ ಕೊಳವೆ ಮತ್ತು ಹಗ್ಗದಿಂದ ಕವಣೆಯಂತೆ ಎಳೆದು ಬಿಡಬೇಕು. ಹಿಗ್ಗಿದ ರಬ್ಬರಿನಲ್ಲಿ ಯಾವ ಶಕ್ತಿ ಇದೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಬೆಳಿಗ್ಗೆ ಏಳೂಕಾಲಕ್ಕೆ, ಗಾಳಿ ಇನ್ನೂ ಏಳದಿರುವಾಗ, ಫ್ಯಾನ್ ಪೂರ್ತಿ ವೇಗಕ್ಕೆ ತಂದು ಪಾದದಿಂದ ಕೊಂಡಿ ಒತ್ತಿದೆ. ಮಾರುತ್ ಜಾರಿ, ಸ್ವಲ್ಪ ಕುಸಿದು, ಹಿಡಿತ ಸಿಕ್ಕ ಮೇಲೆ ಏರಿತು. ಹಿಂದೆ ಮಕ್ಕಳ ಕೂಗು. ಸುಮಾರು 40 ಮೀಟರ್ ಮೇಲೆ ಅರ್ಧ ಶಕ್ತಿಯಲ್ಲಿ ನಾಲ್ಕು ಸುತ್ತು ಹಾಕಿಸಿದೆ. ಎಡಕ್ಕೆ ವಾಲುತ್ತಿತ್ತು, ಮೂಗು ಬಗ್ಗಿಸುತ್ತಿತ್ತು. ಟ್ರಾನ್ಸ್‌ಮಿಟರ್‌ನಲ್ಲಿ ಟ್ರಿಮ್ ಎಂಬ ಸಣ್ಣ ಗುಂಡಿಗಳಿವೆ. ಒತ್ತಿದಷ್ಟು ಸಲ ನಿಯಂತ್ರಣದ ನಡುಬಿಂದು ಸ್ವಲ್ಪ ಸ್ವಲ್ಪ ಸರಿಯುತ್ತದೆ. ಹೆಬ್ಬೆರಳು ನಡುವಿಗೆ ಬಂದಿದೆ ಎಂದು ಆ ಹುಡುಗ ಹೇಳುವವರೆಗೆ ಒತ್ತುತ್ತಾ ಹೋದೆ. ಎರಡೂವರೆ ನಿಮಿಷಕ್ಕೆ ಇಳಿಸಿದೆ. ಈ ಫ್ಯಾನ್‌ಗಳು ನಿಧಾನಕ್ಕೆ ವೇಗ ಹಿಡಿಯುವುದರಿಂದ ಇಳಿಯುವಾಗ ಶಕ್ತಿಯನ್ನು ಪೂರ್ತಿ ಕಡಿಮೆ ಮಾಡಬಾರದು. ನೆಲ ಮುಟ್ಟುವ ತನಕ ಸ್ವಲ್ಪ ಉಳಿಸಿಕೊಂಡಿರಬೇಕು. ಹೊಟ್ಟೆಯ ಮೇಲೆ ಒಣ ಹುಲ್ಲಿನಲ್ಲಿ ಜಾರಿ ನಿಂತಿತು.

ಪುಸ್ತಕದಲ್ಲಿ ‘ಕಂಡದ್ದು’ ಕಲಂನ ಮೊದಲ ಸಾಲು: “ಮಿಸ್ ಹೆಬ್ಬೆರಳು ಎರಡು ಸುತ್ತು ಬಲಕ್ಕೇ ಇತ್ತು, ಹಿಂದಕ್ಕೂ ಇತ್ತು.” ಸ್ಕೇಲು ಇಟ್ಟು ಅಳೆದರೆ ಎಲಿವೇಟರ್ 3 ಮಿ.ಮೀ. ಮೇಲಿತ್ತು; ಏಲರಾನ್‌ಗಳೂ ಬಲಕ್ಕೆ ತಿರುಗಿಸುವಂತೆ ಸರಿದಿದ್ದವು. ನನ್ನ ಕೈ ಮಾಡುತ್ತಿದ್ದದ್ದನ್ನು ಈಗ ಟ್ರಿಮ್ ಮಾಡುತ್ತಿತ್ತು, ಅಷ್ಟೆ. ಕಾರಣ ಇನ್ನೂ ಗೊತ್ತಾಗಿರಲಿಲ್ಲ.

ಎಡಕ್ಕೆ ಯಾಕೆ ವಾಲುತ್ತಿದೆ? ಮಕ್ಕಳಲ್ಲಿ ಎರಡು ಪಕ್ಷವಾಯಿತು. ಎಡ ರೆಕ್ಕೆಗೆ ಹೆಚ್ಚು ಟೇಪ್ ಸುತ್ತಿದ್ದೇವೆ, ಭಾರ ಎಂದು ಒಂದು ಪಕ್ಷ. ದಾರ ಕಟ್ಟಿ ತೂಗಿದಾಗ ಸಮವಿತ್ತಲ್ಲ, ರೆಕ್ಕೆ ತಿರುಚಿಕೊಂಡಿರಬೇಕು ಎಂದು ಇನ್ನೊಂದು. ತೂಗಿದ್ದು ಸರಿಯಿಲ್ಲ ಎಂದು ಮೊದಲ ಪಕ್ಷ. ಇದನ್ನು ತೀರ್ಮಾನಿಸಲು ಒಂದು ದಾರಿ ಇದೆ. ತೂಕದ ವ್ಯತ್ಯಾಸ ವೇಗ ಎಷ್ಟಿದ್ದರೂ ಅಷ್ಟೇ ಇರುತ್ತದೆ. ಆದರೆ ತಿರುಚಿದ ರೆಕ್ಕೆಯ ಮೇಲೆ ಗಾಳಿಯ ಬಲವೂ, ಏಲರಾನ್‌ನ ಬಲವೂ ವೇಗದ ಜೊತೆ ಒಟ್ಟಿಗೇ ಏರಿಳಿಯುತ್ತವೆ. ಕಾರಣ ತೂಕವಾಗಿದ್ದರೆ ಒಂದು ವೇಗಕ್ಕೆ ಹಾಕಿದ ಟ್ರಿಮ್ ನಿಧಾನವಾದಾಗ ಸಾಲದೆ ಎಡ ರೆಕ್ಕೆ ಬೀಳುತ್ತದೆ, ಜೋರಾದಾಗ ಹೆಚ್ಚಾಗಿ ಬಲಕ್ಕೆ ಉರುಳುತ್ತದೆ. ಕಾರಣ ತಿರುಚಾಗಿದ್ದರೆ ಎಲ್ಲ ವೇಗದಲ್ಲೂ ಅದೇ ಟ್ರಿಮ್ ಸಾಕು.

ಎರಡನೇ ಹಾರಾಟಕ್ಕೆ ಪ್ರಶ್ನೆ ಸಿಕ್ಕಿತು. ಜೋರಾಗಿ ಒಮ್ಮೆ, ನಿಧಾನವಾಗಿ ಒಮ್ಮೆ ನಮ್ಮ ಮುಂದೆ ಹಾದುಹೋಗುವಂತೆ ಮಾಡಿ, ಎರಡು ಸಲವೂ ಸ್ಟಿಕ್‌ನಿಂದ ಹೆಬ್ಬೆರಳನ್ನು ಪೂರ್ತಿ ಎತ್ತಿದೆ. ಎರಡು ಸೆಕೆಂಡು ಕೈ ಬಿಟ್ಟು ನಿಲ್ಲುವುದು ಎಷ್ಟು ಉದ್ದ ಎಂದು ಹಾರಿಸಿದವರಿಗೇ ಗೊತ್ತು. ವಿಮಾನ ಎರಡು ಸಲವೂ ನೇರ ಹೋಯಿತು. ಇಳಿಸಿ, ಹಿಂದಿನಿಂದ ಒಂದೇ ಕಣ್ಣಲ್ಲಿ ನೋಡಿದಾಗ ಎಡ ರೆಕ್ಕೆಯ ತುದಿಯ ಹಿಂಅಂಚು ಸುಮಾರು 2 ಮಿ.ಮೀ. ಮೇಲೆದ್ದಿರುವುದು ಕಂಡಿತು. ಬಣ್ಣ ಒಣಗುವಾಗ ಫೋಮ್ ಸೆಳೆದುಕೊಂಡಿತ್ತು. ಭಾರದ ಪಕ್ಷದ ನಾಯಕ ತಾನೇ ಪುಸ್ತಕ ಇಸಿದುಕೊಂಡು ‘ಅಂದುಕೊಂಡದ್ದು’ ಕಲಂನಲ್ಲಿದ್ದ ತನ್ನ ಸಾಲಿಗೆ ಅಡ್ಡಗೆರೆ ಎಳೆದ. ಆ ವಾರ ಮಕ್ಕಳು ಹೇರ್ ಡ್ರೈಯರ್ ಬಿಸಿ ಕೊಟ್ಟು ರೆಕ್ಕೆಯನ್ನು ಹಿಂದಕ್ಕೆ ತಿರುಚಿ ಸರಿಮಾಡಿದರು.

ಒಂಬತ್ತು ಗಂಟೆಗೆ ಎಸ್‌ಡಿಎಂಸಿ ಅಧ್ಯಕ್ಷರೂ ನಾಲ್ಕಾರು ಪೋಷಕರೂ ಕೆರೆಯಂಗಳಕ್ಕೆ ಬಂದರು. ಅಷ್ಟು ದೂರದಿಂದ ಬಂದಿದ್ದೇವೆ, ಒಂದು ಸಲ ಹಾರಿಸಿ ತೋರಿಸಮ್ಮ ಎಂದರು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಕೋಲಿಗೆ ಕಟ್ಟಿದ ರಿಬ್ಬನ್ ಅಡ್ಡಗಾಳಿ ತೋರಿಸುತ್ತಿತ್ತು. ರೆಕ್ಕೆಯ ತಿರುಚು ಗೊತ್ತಾಗಿತ್ತು, ಇನ್ನೂ ಸರಿಯಾಗಿರಲಿಲ್ಲ. ಹಾರಿಸುವುದಿಲ್ಲ ಎಂದೆ. ಮಕ್ಕಳ ಮುಖ ಸಪ್ಪಗಾಯಿತು. ಅವರಿಗೆ ಸುರಂಜನ್ ದಾಸ್ ಅವರ ಕಥೆಯ ಉಳಿದ ಭಾಗ ಹೇಳಿದೆ. 1970ರ ಜನವರಿ 10ರಂದು ಮಾರುತ್‌ನದೇ ಇನ್ನೊಂದು ಮಾದರಿಯನ್ನು ಬೆಂಗಳೂರಿನಲ್ಲಿ ಪರೀಕ್ಷಿಸುವಾಗ ಅವರು ತೀರಿಕೊಂಡರು. ಎಚ್ಎಎಲ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಅವರು ವಿಮಾನದೊಳಗೆ ಕೂತು ಪ್ರಶ್ನೆ ಕೇಳುತ್ತಿದ್ದವರು. ನಾವು ನೆಲದ ಮೇಲೆ ನಿಂತಿದ್ದೇವೆ, ನಮಗೆ ಕಾಯಲು ಏನು ತೊಂದರೆ ಎಂದೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಬಿಡಮ್ಮ, ಇನ್ನೊಂದು ವಾರ ಬರ್ತೀವಿ” ಎಂದರು.

ಎರಡನೇ ಭಾನುವಾರ ಮೂರನೇ ಹಾರಾಟ. ಪ್ರಶ್ನೆ: ಎಲಿವೇಟರ್ 3 ಮಿ.ಮೀ. ಮೇಲಿರಬೇಕಾದದ್ದು ಯಾಕೆ? ಮೂಗು ಭಾರವೋ, ಫ್ಯಾನ್‌ಗಳ ನೂಕುಬಲದ ದಿಕ್ಕು ಓರೆಯೋ? ಮಟ್ಟವಾಗಿ ಹೋಗುತ್ತಿರುವಾಗ ಶಕ್ತಿಯನ್ನು ಥಟ್ಟನೆ ಕಡಿಮೆ ಮಾಡಿದೆ. ನೂಕುಬಲ ಓರೆಯಾಗಿದ್ದರೆ ಮೂಗು ಆ ಕ್ಷಣವೇ ಜಿಗಿಯಬೇಕಿತ್ತು. ಜಿಗಿಯಲಿಲ್ಲ, ವೇಗ ಇಳಿದ ಹಾಗೆ ನಿಧಾನವಾಗಿ ಬಗ್ಗಿತು. ಆಮೇಲೆ 80 ಮೀಟರ್ ಎತ್ತರದಿಂದ ಶಕ್ತಿ ಇಳಿಸಿ, ಮೂಗನ್ನು ಓರೆಯಾಗಿ ಕೆಳಕ್ಕೆ ತಿರುಗಿಸಿ, ಕೈ ಬಿಟ್ಟೆ. ಗುರುತ್ವ ಕೇಂದ್ರ ಸರಿಯಾದ ಜಾಗದಲ್ಲಿದ್ದರೆ ವಿಮಾನ ಅದೇ ಓರೆಯಲ್ಲಿ ಸಾಗಿ ಮೆಲ್ಲಗೆ ಮೇಲೇಳುತ್ತದೆ. ಬಾಲ ಭಾರವಾಗಿದ್ದರೆ ಇನ್ನೂ ಕೆಳಗೆ ಬಗ್ಗುತ್ತದೆ. ಮೂಗು ಭಾರವಾಗಿ ಅದನ್ನು ಎಲಿವೇಟರ್ ಎತ್ತಿ ಹಿಡಿದಿದ್ದರೆ, ವೇಗ ಹೆಚ್ಚಿದಂತೆ ಎಲಿವೇಟರ್‌ನ ಬಲ ಹೆಚ್ಚಿ ಮೂಗು ಬಿರುಸಾಗಿ ಮೇಲೇಳುತ್ತದೆ. ನಮ್ಮದು ಬಿರುಸಾಗಿಯೇ ಎದ್ದಿತು. ದಾಖಲೆಯ ಹುಡುಗಿ ಬರೆದದ್ದು: “ಕೈ ಬಿಟ್ಟ ಕೂಡಲೇ ಮೇಲೆ ಬಂತು. ಯಾರೂ ಎಳೆಯಲಿಲ್ಲ.”

ಗುರುತ್ವ ಕೇಂದ್ರ 26ರಿಂದ 27.4 ಸೆಂ.ಮೀ.ಗೆ ಹೋಗಬೇಕು ಎಂದು ನಿಶ್ಚಯಿಸಿದೆವು. ಅದಕ್ಕೆ ಬ್ಯಾಟರಿಯನ್ನು ಎಷ್ಟು ಸರಿಸಬೇಕು? ಇದನ್ನು ನಾನು ಹೇಳಲಿಲ್ಲ, ಕೆರೆಯಂಗಳದಲ್ಲಿ ಲೆಕ್ಕವನ್ನೂ ಮಾಡಿಸಲಿಲ್ಲ. ಬುಧವಾರದ ಪಾಠಕ್ಕೆ ಇಟ್ಟುಕೊಂಡೆ.

ಆ ಬುಧವಾರ ನನ್ನ ಕೊನೆಯ ಮೌಲ್ಯಮಾಪನ ಪಾಠ. ಕಾಲೇಜಿನಿಂದ ಬೋಧನಾ ವಿಧಾನದ ಉಪನ್ಯಾಸಕರು ಬರುವವರಿದ್ದರು. ನನ್ನ ಪಾಠಯೋಜನೆ ನೋಡಿ ಮಾರ್ಗದರ್ಶಕ ಶಿಕ್ಷಕರು ಯೋಚನೆಗೆ ಬಿದ್ದರು. “ಏಳು ನಿಮಿಷ ಶಿಕ್ಷಕಿಯ ಚಟುವಟಿಕೆ ಅನ್ನೋ ಕಲಂ ಖಾಲಿ ಬಿಟ್ಟಿದ್ದೀಯಲ್ಲಮ್ಮ. ನಾಳೆ ನೋಡೋರು ಬರ್ತಾರೆ. ಇದೆಲ್ಲ ಬೇರೆ ದಿನ ಮಾಡು.” ಅವರ ಕಾಳಜಿ ನಿಜವಾದದ್ದು. ಅಂಕ ಹೋದರೆ ನನ್ನದೇ ಹೋಗುತ್ತಿತ್ತು.

ಆದರೆ ಕೆರೆಯಂಗಳದಲ್ಲಿ ನಿಂತು ನೋಡಿದವರಿಗೆ ತರಗತಿಯೂ ಹಾಗೇ ಕಾಣತೊಡಗುತ್ತದೆ. ನಾವು ಅರ್ಧ ವಾಕ್ಯ ಹೇಳಿ ನಿಲ್ಲಿಸುತ್ತೇವೆ, ಮಕ್ಕಳು ಉಳಿದರ್ಧವನ್ನು ಒಂದೇ ದನಿಯಲ್ಲಿ ಹೇಳುತ್ತಾರೆ. “ಬಲ ಎಂದರೆ ರಾಶಿ ಇಂಟು...” “ವೇಗೋತ್ಕರ್ಷ ಮಿಸ್!” ತರಗತಿ ನೇರ ಹೋಗುತ್ತಿದೆ ಎನಿಸುತ್ತದೆ. ಆದರೆ ಹೆಬ್ಬೆರಳು ಎಲ್ಲಿದೆ? ಪ್ರಶ್ನೆಯ ದನಿ ಏರಿಸಿ, ಹುಬ್ಬು ಕುಣಿಸಿ, ಮೊದಲ ಅಕ್ಷರ ಹೇಳಿಕೊಟ್ಟು ಎಡಕ್ಕೆ ವಾಲಿದ ತರಗತಿಯನ್ನು ಬಲಕ್ಕೆ ಒತ್ತಿ ಹಿಡಿದಿರುವುದು ಶಿಕ್ಷಕರ ಕೈ. ಒಳ್ಳೆಯ ಶಿಕ್ಷಕರಲ್ಲಿ ಈ ಕೈ ಇನ್ನೂ ಚುರುಕು. ಹಿಡಿಯುವುದು ತಪ್ಪಲ್ಲ, ಹಿಡಿಯದೆ ವಿಮಾನ ಮೊದಲ ಸಲ ಹಾರುವುದೇ ಇಲ್ಲ. ಎತ್ತರ ಸಾಕಷ್ಟಿರುವಾಗ ಒಮ್ಮೆ ಕೈ ಬಿಟ್ಟು ನೋಡದಿದ್ದರೆ ಏನು ಹಿಡಿದಿದ್ದೇವೆಂದು ತಿಳಿಯುವುದಿಲ್ಲ. ಹಾಗಾಗಿ ಯೋಜನೆ ಬದಲಿಸಲಿಲ್ಲ. ಮಾರ್ಗದರ್ಶಕರೂ ಕೊನೆಗೆ ಸಹಿ ಹಾಕಿದರು.

ಕಪ್ಪುಹಲಗೆಯ ಮೇಲೆ ಬರೆದೆ: ವಿಮಾನದ ಒಟ್ಟು ತೂಕ 1,850 ಗ್ರಾಂ. ಬ್ಯಾಟರಿ 430 ಗ್ರಾಂ. ಗುರುತ್ವ ಕೇಂದ್ರ 1.4 ಸೆಂ.ಮೀ. ಹಿಂದೆ ಹೋಗಬೇಕು. ಬ್ಯಾಟರಿ ಎಷ್ಟು ಸರಿಸಬೇಕು? ನೀವು ಹೇಳಿದ ಜಾಗದಲ್ಲೇ ಭಾನುವಾರ ಇಡುತ್ತೇನೆ. ಒಂಬತ್ತು ಗುಂಪು ಮಾಡಿ, ನಾನು ಹಿಂದಿನ ಗೋಡೆಗೆ ಹೋಗಿ ನಿಂತೆ.

ಮೊದಲ ಎರಡು ನಿಮಿಷ ಏನೂ ನಡೆಯಲಿಲ್ಲ. ಮಕ್ಕಳು ತಿರುಗಿ ತಿರುಗಿ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಆಮೇಲೆ ಒಂದು ಗುಂಪು ಸ್ಕೇಲಿನ ಮೇಲೆ ರಬ್ಬರುಗಳನ್ನಿಟ್ಟು ಪೆನ್ಸಿಲ್ ಮೇಲೆ ತೂಗತೊಡಗಿತು. ಇನ್ನೊಂದು ಗುಂಪಿನಲ್ಲಿ ಜಗಳವೇ ಆಯಿತು. ಏಳನೇ ನಿಮಿಷಕ್ಕೆ ಉತ್ತರಗಳು ಹಲಗೆಗೆ ಬಂದವು. ನಾಲ್ಕು ಗುಂಪು 6 ಸೆಂ.ಮೀ. ಎಂದವು: 1,850ನ್ನು 1.4ರಿಂದ ಗುಣಿಸಿ 430ರಿಂದ ಭಾಗಿಸಿದ್ದರು. ಮೂರು ಗುಂಪು 1.4 ಎಂದವು, ಬ್ಯಾಟರಿ ಎಷ್ಟು ಸರಿದರೆ ಕೇಂದ್ರವೂ ಅಷ್ಟೇ ಸರಿಯುತ್ತದೆ ಎಂಬುದು ಅವರ ನಂಬಿಕೆ. ಎರಡು ಗುಂಪಿಗೆ ಉತ್ತರ ಬಂದಿರಲಿಲ್ಲ. ಕೈ ಹಿಡಿದು ನಡೆಸಿದ್ದರೆ ಒಂಬತ್ತೂ ಗುಂಪು 6 ಎನ್ನುತ್ತಿದ್ದವು. ಆ ಮೂರು ಗುಂಪಿನ ನಂಬಿಕೆ ನನಗೆ ಕಾಣುತ್ತಲೇ ಇರಲಿಲ್ಲ. ಗುರುವಾರದ ಪಾಠ ಏನಾಗಬೇಕೆಂದು ಆ ಹಲಗೆಯೇ ಹೇಳಿತು. ಗುಂಪುಗಳು ಒಂದನ್ನೊಂದು ಒಪ್ಪಿಸುವ ಹೊತ್ತಿನಲ್ಲಿ ದಾಖಲೆಯ ಹುಡುಗಿ ಎದ್ದು, “ಕೇಂದ್ರ ಇಡೀ ವಿಮಾನದ್ದು, ಬ್ಯಾಟರಿ ಅದರಲ್ಲಿ ಕಾಲು ಭಾಗಕ್ಕಿಂತ ಕಮ್ಮಿ. ಅದಕ್ಕೇ ನಾಲ್ಕು ಪಟ್ಟಿಗಿಂತ ಜಾಸ್ತಿ ಸರೀಬೇಕು” ಎಂದಳು. ಸೂತ್ರ ಬೇಕಾಗಲಿಲ್ಲ.

ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಎರಡು ಸಾಲು. “ಶಿಕ್ಷಕಿ ಏಳು ನಿಮಿಷ ಮಾತನಾಡಲಿಲ್ಲ. ಮೂರು ಗುಂಪುಗಳ ತಪ್ಪು ಗ್ರಹಿಕೆ ಗುರುತಿಸಲ್ಪಟ್ಟಿದೆ; ಮುಂದಿನ ಪಾಠದಲ್ಲಿ ಪರಿಹಾರ ಬೋಧನೆ ಅಗತ್ಯ.” ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಎರಡೂ ‘ಕಂಡದ್ದು’ ಕಲಂಗೆ ಸೇರುವ ಸಾಲುಗಳಾದ್ದರಿಂದ ನನಗೆ ಖುಷಿಯಾಯಿತು.

ಮೂರನೇ ಭಾನುವಾರ ಬ್ಯಾಟರಿಯನ್ನು 6 ಸೆಂ.ಮೀ. ಹಿಂದಿಟ್ಟೆವು. ಬೆರಳ ಮೇಲೆ ತೂಗಿದಾಗ ಗುರುತ್ವ ಕೇಂದ್ರ 27.4ರಲ್ಲೇ ಇತ್ತು. ನಾಲ್ಕನೇ ಹಾರಾಟದಲ್ಲಿ ಅದೇ ಓರೆ ಇಳಿತ, ಅದೇ ಕೈ ಬಿಡುವುದು. ಮಾರುತ್ ಓರೆಯಲ್ಲೇ ಸಾಗಿ, ಬಹಳ ಹೊತ್ತಾದ ಮೇಲೆ ಮೆಲ್ಲಗೆ ಮೂಗೆತ್ತಿತು. ಇಳಿದ ಮೇಲೆ ಅಳೆದರೆ ಎಲಿವೇಟರ್‌ಗೆ ಮೇಲಕ್ಕೆ 1 ಮಿ.ಮೀ. ಮಾತ್ರ ಬೇಕಾಗಿತ್ತು. ಆಮೇಲೆ ಟ್ರಿಮ್ ಗುಂಡಿಗಳನ್ನು ನಡುವಿಗೆ ತಂದು, ಆ 1 ಮಿ.ಮೀ.ಯನ್ನು ಸರಳಿನ ತಿರುಪಿನಲ್ಲೇ ಕೂರಿಸಿದೆವು. ಐದನೇ ಹಾರಾಟದಲ್ಲಿ ಎತ್ತರದಲ್ಲಿ ವೇಗ ಇಳಿಸುತ್ತಾ ಹೋಗಿ, ರೆಕ್ಕೆ ಯಾವಾಗ ಕೈ ಬಿಡುತ್ತದೆ, ಯಾವ ಕಡೆ ಬೀಳುತ್ತದೆ ಎಂದು ನೋಡಿದೆವು. ಮೂಗು ನೇರ ಕೆಳಗೆ ಬಗ್ಗಿತು, ಎಡಬಲ ಇಲ್ಲ. ತಿರುಚು ತೆಗೆದದ್ದು ಅಲ್ಲಿ ಕೆಲಸಕ್ಕೆ ಬಂತು. ಆರನೆಯದು ಬರೀ ನೋಡುವುದಕ್ಕೆ. ಮಾತು ಕೊಟ್ಟ ಹಾಗೆ ಅಧ್ಯಕ್ಷರೂ ಬಂದಿದ್ದರು. ಹೆಬ್ಬೆರಳು ನೋಡುತ್ತಿದ್ದ ಹುಡುಗನಿಗೆ ಅವತ್ತು ಬಿಡುವು; ಮೊದಲ ಬಾರಿ ತಲೆ ಎತ್ತಿ ವಿಮಾನ ನೋಡಿದ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಆ ಶಾಲೆಗೆ ಹೋದರೆ ವಿಜ್ಞಾನ ಕೊಠಡಿಯ ಬೀರುವಿನಲ್ಲಿ ಎರಡು ಕಲಂನ ದಾಖಲೆ ಪುಸ್ತಕ ಸಿಗುತ್ತದೆ, ಆರು ಹಾರಾಟಗಳು ತುಂಬಿವೆ, ಉಳಿದ ಹಾಳೆ ಖಾಲಿ. ಜೆಟ್ ಇಲ್ಲದವರು ಚಿಂತಿಸಬೇಕಾಗಿಲ್ಲ. ಕಾಗದದ ವಿಮಾನದ ಮೂಗಿಗೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ ಮುಂದೆ ಹಿಂದೆ ಸರಿಸಿದರೂ ಗುರುತ್ವ ಕೇಂದ್ರದ ಪಾಠ ನಡೆಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ, ಕಂಡದ್ದನ್ನು ಮೊದಲು ಬರೆಯಲಿ. ತರಗತಿಯಲ್ಲಿ ಕೈ ಬಿಡುವ ದಿನ ಹಿಂದಿನ ಬೆಂಚಿನಲ್ಲಿ ಒಬ್ಬ ಸಹಪಾಠಿಯನ್ನು ಕೂರಿಸಿಕೊಳ್ಳಿ, ಮಕ್ಕಳನ್ನು ಬಿಟ್ಟು ನಿಮ್ಮನ್ನೇ ನೋಡುತ್ತಿರುವಂತೆ ಹೇಳಿ. ಏಳು ನಿಮಿಷ ಹೆಚ್ಚೆನಿಸಿದರೆ ಮೂರು ನಿಮಿಷದಿಂದ ಶುರು ಮಾಡಬಹುದು.